ಬೀಸುಕಲ್ಲಿನ ಬೆನ್ನು ಹತ್ತಿ

ಪುಣೆಗೆ ಬರುವ ನಮ್ಮ ಕಡೆಯ ನೆಂಟರಿಗೆ ನಾನು ಊರು ತೋರಿಸುವ ರೀತಿ ನನ್ನ ಹೆಂಡತಿಗೆ ಸ್ವಲ್ಪವೂ ಸೇರುವುದಿಲ್ಲ. ಶನಿವಾರವಾಡಾ, ಸಿಂಹಗಡ, ದಗಡೂಶೇಟ್ ಗಣಪತಿ, ಲಕ್ಷ್ಮೀ ರೋಡಿನ ಸೀರೆ ಅಂಗಡಿ ಇವೆಲ್ಲ ಆಕೆಯ ಪಾಲಿನವು. ನನ್ನ ಪಾಲಿಗೆ ಸಿಕ್ಕವರನ್ನು ನಾನು ಜೋಳ, ಹಿಟ್ಟು, ರೊಟ್ಟಿ, ಬ್ರೆಡ್ಡು ಅಂತ ಊರೆಲ್ಲ ಸುತ್ತಿಸುತ್ತೇನೆ. "ಮೂವತ್ತಾರು ವರ್ಷ ಬ್ಯಾಂಕಿನ್ಯಾಗ ರೊಕ್ಕಾ ಎಣಿಸಿದ್ರು, ಈಗ ಜ್ವಾಳದ ಕಾಳು ಎಣಸಾಕ ಹತ್ಯಾರ" ಅಂತ ಆಕೆ ಬಂದವರ ಎದುರಿಗೇ ಅನ್ನುತ್ತಾಳೆ. ಅನ್ನಲಿ.

ಈ ಹುಚ್ಚು ಹತ್ತಿದ್ದು 2018ರಲ್ಲಿ, ಜರ್ಮನಿಯಲ್ಲಿ. ಮಗಳು ಅಳಿಯ ಅಲ್ಲಿದ್ದರು. ಒಂದು ದಿನ ಅಳಿಯ ನಮ್ಮನ್ನು ಉಲ್ಮ್ ಎಂಬ ಊರಿಗೆ ಕರೆದುಕೊಂಡು ಹೋದ. ಆ ಊರಲ್ಲಿ ಬ್ರೆಡ್ಡಿಗಾಗಿಯೇ ಒಂದು ವಸ್ತುಸಂಗ್ರಹಾಲಯ ಇದೆ. ಬೇಕರಿಗಳಿಗೆ ಬೇಕಾದ ಸಾಮಾನಿನ ವ್ಯಾಪಾರ ಮಾಡುತ್ತಿದ್ದ ವಿಲ್ಲಿ ಐಸೆಲೆನ್ ಎನ್ನುವವರು ತಮ್ಮ ಮಗನ ಜೊತೆ ಸೇರಿ 1955ರಲ್ಲಿ ಶುರುಮಾಡಿದ್ದು. ಈಗ ಅದು ಇರುವ ಕಟ್ಟಡ ಒಂದು ಕಾಲಕ್ಕೆ ಉಪ್ಪಿನ ಉಗ್ರಾಣ, 1592ರಲ್ಲಿ ಕಟ್ಟಿದ್ದು. ಒಳಗೆ ಸಾವಿರಾರು ವಸ್ತುಗಳಿವೆ, ಆದರೆ ನಿಜವಾದ ಬ್ರೆಡ್ಡು ಮಾತ್ರ ಒಂದೂ ಇಲ್ಲ! ಬ್ರೆಡ್ಡು ದಿನಾ ಹೊಸದಾಗಿ ಮಾಡಿ ತಿನ್ನುವ ಅನ್ನ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಒಣಗಿಸಿ ಇಡಬಾರದು ಎಂಬುದು ಸ್ಥಾಪಕರ ನಂಬಿಕೆ. ನಮ್ಮ ಅವ್ವ ಇದ್ದಿದ್ದರೆ "ಶಾಣ್ಯಾ ಮಂದಿ" ಎನ್ನುತ್ತಿದ್ದಳು.

ಅಲ್ಲಿಂದ ಬರುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಯುರೋಪಿನಲ್ಲಿ ಹಿಟ್ಟು ಬೀಸುವ ಕೆಲಸ ಬಹಳ ಹಿಂದೆಯೇ ಕೈಯಿಂದ ಜಾರಿ ನೀರಿನ ಗಿರಣಿಗೆ, ಗಾಳಿಯ ಗಿರಣಿಗೆ ಹೋಯಿತು. 1086ರಲ್ಲಿ ಇಂಗ್ಲೆಂಡಿನ ರಾಜ ಬರೆಸಿದ ಲೆಕ್ಕದ ಪುಸ್ತಕದಲ್ಲೇ ಸುಮಾರು 6,000 ಗಿರಣಿಗಳ ದಾಖಲೆ ಇದೆ. ನಮ್ಮಲ್ಲಿ ಹಿಮಾಲಯದ ತೊರೆಗಳ ಮೇಲೆ ನೀರಿನ ಗಿರಣಿಗಳಿದ್ದವು. ದಖ್ಖನಿನಲ್ಲೂ ಔರಂಗಾಬಾದಿನ ದರ್ಗಾದ ಪನ್‌ಚಕ್ಕಿಯಂಥ ಒಂದೊಂದು ಇತ್ತು. ಆದರೆ ನಮ್ಮ ಎರೆನೆಲದ ಹಳ್ಳಿಗಳಲ್ಲಿ? ಮೊನ್ನೆಮೊನ್ನೆಯವರೆಗೆ, ಅಂದರೆ ನಾನು ಕನ್ನಡ ಶಾಲೆಗೆ ಹೋಗುವವರೆಗೆ, ಗಿರಣಿ ಅಂದರೆ ನಮ್ಮ ಅವ್ವನ ಎರಡು ಕೈ. ಅಂಥಾ ವಸ್ತುಸಂಗ್ರಹಾಲಯ ನಮ್ಮಲ್ಲಿ ಮಾಡಿದರೆ ಅದರಲ್ಲಿ ಏನನ್ನು ಇಡಬೇಕು?

ಪುಣೆಯಲ್ಲಿ ಬ್ರೆಡ್ಡಿನ ಮ್ಯೂಸಿಯಂ ಎಂಬ ಬೋರ್ಡಿನ ಕಟ್ಟಡ ಇಲ್ಲ. ಆದರೆ ಅದರ ತುಂಡುಗಳು ಊರ ತುಂಬ ಬಿದ್ದಿವೆ. ಕ್ರಮವಾಗಿ ಸುತ್ತಿದರೆ ಸಾಕು.

ನಾನು ಶುರು ಮಾಡುವುದು ಯೆರವಡಾದ ಡೆಕ್ಕನ್ ಕಾಲೇಜಿನಿಂದ. ದೊಡ್ಡ ಮರಗಳ ನಡುವಿನ ಕಲ್ಲಿನ ಹಳೆಯ ಕಟ್ಟಡ. 1939ರಲ್ಲಿ ಅದು ಸಂಶೋಧನಾ ಸಂಸ್ಥೆಯಾದ ಮೇಲೆ ಎಚ್. ಡಿ. ಸಾಂಕಳಿಯಾ ಬಂದರು, ಪುರಾತತ್ವ ಬೆಳೆಯಿತು. ಈ ಸಂಸ್ಥೆಯವರು 1968ರಿಂದ 1983ರವರೆಗೆ ಪುಣೆ ಜಿಲ್ಲೆಯದೇ ಶಿರೂರು ತಾಲೂಕಿನಲ್ಲಿ, ಘೋಡ್ ನದಿಯ ದಂಡೆಯ ಇನಾಮಗಾವ್ ಎಂಬಲ್ಲಿ ಅಗೆದರು. ಸಾಂಕಳಿಯಾ, ಅನ್ಸಾರಿ, ಢವಳೀಕರ ಇವರೆಲ್ಲ ಆ ಕೆಲಸದ ಮುಂದಾಳುಗಳು. ಅಲ್ಲಿ ಸಿಕ್ಕಿದ್ದು ಕ್ರಿ.ಪೂ. 1600ರಿಂದ 700ರವರೆಗೆ ಬಾಳಿದ ಒಂದು ರೈತರ ಹಳ್ಳಿ. ಮುಖ್ಯ ಬೆಳೆ ಜವೆಗೋಧಿ, ಸ್ವಲ್ಪ ಗೋಧಿ, ಬೇಳೆಕಾಳು. ಹೊಳೆಯ ನೀರು ತಿರುಗಿಸಲು ಕಾಲುವೆ ತೋಡಿದ್ದರು. ಕಾಳು ಕೂಡಿಡುವ ಹಗೇವು ಇದ್ದವು. ಊರಿನ ಮುಖ್ಯಸ್ಥನದು ಎನ್ನಲಾದ ಐದು ಕೋಣೆಯ ಮನೆಯ ಮಗ್ಗುಲಿಗೇ ಒಂದು ಕಣಜ. ಬ್ಯಾಂಕಿನವನಾದ ನನಗೆ ಈ ಕಣಜದ ಸಂಗತಿ ಬಹಳ ಹಿಡಿಸಿತು. ಮೂರು ಸಾವಿರ ವರ್ಷದ ಹಿಂದೆಯೇ ಸ್ಟ್ರಾಂಗ್ ರೂಮು ಸಾಹೇಬರ ಮನೆಯ ಪಕ್ಕದಲ್ಲಿತ್ತು!

ಆ ಕಾಲದ ಬೀಸುವ ಕಲ್ಲು ನಮ್ಮದರ ಹಾಗೆ ತಿರುಗುವಂಥದ್ದಲ್ಲ. ಕೆಳಗೆ ಒಂದು ತಗ್ಗಾದ ಕಲ್ಲು, ಕೈಯಲ್ಲೊಂದು ಗುಂಡುಗಲ್ಲು. ಮೊಣಕಾಲೂರಿ ಕುಳಿತು ಹಿಂದೆ ಮುಂದೆ ತಿಕ್ಕುತ್ತ ಇರಬೇಕು. ಇಂಥವನ್ನು ನೋಡಲು ಕನ್ನಡಿಗರು ಪುಣೆಯತನಕ ಬರಬೇಕಾಗಿಲ್ಲ, ಬಳ್ಳಾರಿಯ ಹತ್ತಿರ ಸಂಗನಕಲ್ಲಿನ ಗುಡ್ಡ ಹತ್ತಿದರೆ ಸಾಕು. ನಾಲ್ಕು ಸಾವಿರ ವರ್ಷದ ಹಿಂದಿನ ಹೆಂಗಸರು ತಿಕ್ಕಿ ತಿಕ್ಕಿ ಬಂಡೆಯಲ್ಲೇ ನುಣ್ಣನೆಯ ತಗ್ಗು ಮಾಡಿದ್ದಾರೆ. ಅವರು ತಿನ್ನುತ್ತಿದ್ದುದು ಕೊರಲೆಯಂಥ ಸಣ್ಣ ಧಾನ್ಯ, ಹುರುಳಿ, ಹೆಸರು. ಜೋಳ, ರಾಗಿ ಎರಡೂ ಆಮೇಲೆ ಆಫ್ರಿಕದಿಂದ ಬಂದವು. ನಮ್ಮ ಜೋಳದ ರೊಟ್ಟಿಯ ಅಭಿಮಾನಿಗಳು ಇದನ್ನು ಕೇಳಿ ಮುಖ ಸಣ್ಣ ಮಾಡುತ್ತಾರೆ. ಏನು ಮಾಡುವುದು, ಇದ್ದದ್ದು ಇದ್ದ ಹಾಗೆ ಹೇಳಬೇಕು. ಎರಡು ದುಂಡು ಕಲ್ಲು, ನಡುವೆ ಗೂಟ, ಮೇಲೊಂದು ಹಿಡಿಕೆ ಇರುವ ತಿರುಗುವ ಬೀಸುಕಲ್ಲು ನಮ್ಮ ದೇಶಕ್ಕೆ ಬಂದು ಸುಮಾರು ಎರಡು ಸಾವಿರ ವರ್ಷವಾಯಿತು. ಹಿಂದೆ ಮುಂದೆ ತಿಕ್ಕುವುದು ತಪ್ಪಿ ಸುತ್ತ ತಿರುಗಿಸುವುದು ಬಂತು. ಮೊಣಕಾಲಿಗೆ ಸ್ವಲ್ಪ ಬಿಡುವಾಯಿತು, ರಟ್ಟೆಗೆ ಆಗಲಿಲ್ಲ. ಆಮೇಲೆ ಎರಡು ಸಾವಿರ ವರ್ಷ ಆ ಕಲ್ಲನ್ನು ಸುಧಾರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಗಂಡಸರು ಬೀಸುತ್ತಿದ್ದರೆ ಖಂಡಿತ ಹೋಗುತ್ತಿದ್ದರು ಅಂತ ನನ್ನ ಗುಮಾನಿ.

ಗುಮಾನಿಗೆ ಕಾರಣ ಅದೇ ಯೆರವಡಾದಲ್ಲಿದೆ. 1871ರಲ್ಲಿ ಕಟ್ಟಿದ ದೊಡ್ಡ ಜೈಲು. 1932ರಲ್ಲಿ ಗಾಂಧೀಜಿ ಉಪವಾಸ ಕೂತು, ಅಂಬೇಡ್ಕರರ ಜೊತೆ ಪುಣೆ ಒಪ್ಪಂದವಾದದ್ದು ಇಲ್ಲೇ. ಬ್ರಿಟಿಷರ ಕಾಲದ ಜೈಲುಗಳಲ್ಲಿ ಸಶ್ರಮ ಶಿಕ್ಷೆಯ ಕೈದಿಗಳಿಗೆ ಕೊಡುತ್ತಿದ್ದ ಕಠಿಣ ಕೆಲಸಗಳಲ್ಲಿ ಒಂದು ಬೀಸುವುದು. ಹಿಂದಿ ಸಿನೆಮಾಗಳಲ್ಲಿ ಇಂದಿಗೂ ಜೈಲೆಂದರೆ ಚಕ್ಕಿ ಬೀಸುವುದೇ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿ ಮತ್ತು ರಾಗಿಯನ್ನೇ ಆರು ತಿಂಗಳು ಸೆರೆಯಲ್ಲಿಡುತ್ತಾರೆ, ಅದು ಬೇರೆ ಕಥೆ. ನಾನು ಹೇಳುವುದು ಇಷ್ಟು: ಕಳ್ಳನಿಗೋ ದರೋಡೆಕೋರನಿಗೋ ಕೋರ್ಟು ವಿಚಾರಣೆ ಮಾಡಿ ಕೊಡುತ್ತಿದ್ದ ಶಿಕ್ಷೆಯನ್ನು ಯಾವ ತಪ್ಪೂ ಮಾಡದ ನಮ್ಮ ಅವ್ವಂದಿರು ದಿನಾ ಬೆಳಗಿನ ಜಾವ ಅನುಭವಿಸುತ್ತಿದ್ದರು. ಅದಕ್ಕೆ ನಾವು ಕೊಟ್ಟ ಹೆಸರು ಮನೆಗೆಲಸ.

ಒಮ್ಮೆ ಕೂತು ಲೆಕ್ಕ ಹಾಕಿದೆ. ಗದಗ–ರೋಣದ ನಡುವಿನ ನಮ್ಮ ಹಳ್ಳಿಯ ಮನೆಯಲ್ಲಿ ಎಂಟು ಜನ. ಅವ್ವ ಮದುವೆಯಾಗಿ ಬಂದದ್ದು 1952ರಲ್ಲಿ. ಊರಿಗೆ ಆಯಿಲ್ ಇಂಜಿನ್ನಿನ ಗಿರಣಿ ಬಂದದ್ದು 1968ರಲ್ಲಿ. ನಡುವಿನ 16 ವರ್ಷ ದಿನಕ್ಕೆ ಎರಡೂವರೆ ತಾಸು ಬೀಸಿದ್ದಾಳೆ ಅಂತ ಹಿಡಿಯಿರಿ. ಒಟ್ಟು 14,600 ತಾಸು. ದಿನಕ್ಕೆ 8 ತಾಸಿನ ನೌಕರಿ, ವರ್ಷಕ್ಕೆ 280 ಕೆಲಸದ ದಿನ ಎಂದರೆ ಆರೂವರೆ ವರ್ಷದ ಸರ್ವಿಸು ಆಯಿತು. ಪಗಾರಿಲ್ಲ, ಪಿ.ಎಫ್. ಇಲ್ಲ, ಸಿ.ಎಲ್. ಅಂತೂ ಇಲ್ಲವೇ ಇಲ್ಲ. ಹಬ್ಬ ಬಂತೆಂದರೆ ಓವರ್‌ಟೈಮು.

ಅಲ್ಲಿಂದ ಊರೊಳಗೆ ಬಾಜೀರಾವ್ ರಸ್ತೆಗೆ ಬಂದರೆ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯ. ದಿನಕರ ಕೇಳ್ಕರ್ (1896–1990) 'ಅಜ್ಞಾತವಾಸಿ' ಎಂಬ ಹೆಸರಲ್ಲಿ ಕವಿತೆ ಬರೆಯುತ್ತಿದ್ದವರು. ಸುಮಾರು 1920ರಿಂದ ದೇಶವನ್ನೆಲ್ಲ ಅಲೆದು ಹಳೆಯ ಸಾಮಾನು ಕೂಡಿಸಿದರು. ರಾಜರ ಕತ್ತಿ, ಕಿರೀಟಗಳಿಗಿಂತ ಅವರ ಕಣ್ಣು ಹೋದದ್ದು ಅಡಕೊತ್ತು, ದೀಪ, ಮಸಿಕುಡಿಕೆ, ಹಿಮ್ಮಡಿ ತಿಕ್ಕುವ ಕಲ್ಲು, ಅಡಿಗೆಮನೆಯ ಪಾತ್ರೆ ಪರಡಿಗಳ ಕಡೆಗೆ. ರಾಜಾ ಎಂಬುದು ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಅವರ ಮಗನ ಹೆಸರು. ಮಗನ ನೆನಪಿಗೆ 20,000ಕ್ಕೂ ಮೇಲೆ ವಸ್ತು ಕೂಡಿಸಿ, ಕೊನೆಗೆ ಎಲ್ಲವನ್ನೂ ರಾಜ್ಯ ಸರಕಾರಕ್ಕೆ ಕೊಟ್ಟುಬಿಟ್ಟರು. ಅದರಲ್ಲಿ ನಮಗೆ ನೋಡಲು ಸಿಗುವುದು ಸ್ವಲ್ಪ ಭಾಗ ಮಾತ್ರ. ಪುಣೆಗೆ ಬಂದವರು ಇದನ್ನು ನೋಡದೆ ಹೋಗಬೇಡಿ. ಇಲ್ಲಿ ನನಗೂ ಅವ್ವನಿಗೂ ಒಂದು ಮಾತುಕತೆ ಆಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಕೇಳ್ಕರ್ ಮ್ಯೂಸಿಯಮ್ಮಿನಿಂದ ದೂರವೇನೂ ಇಲ್ಲ, ಗುರುವಾರ ಪೇಠೆಯಲ್ಲಿ ಪಂಚಹೌದ್ ಮಿಶನ್ ಇದೆ. 1890ರ ಅಕ್ಟೋಬರಿನಲ್ಲಿ ಇಲ್ಲಿ ಒಂದು ಸಭೆ. ಮುಗಿದ ಮೇಲೆ ಮಿಶನ್ನಿನವರು ಬಂದವರಿಗೆಲ್ಲ ಚಹಾ ಬಿಸ್ಕೀಟು ಕೊಟ್ಟರು. ಬಂದವರಲ್ಲಿ ಟಿಳಕರಿದ್ದರು, ನ್ಯಾಯಮೂರ್ತಿ ರಾನಡೆಯವರಿದ್ದರು. ಕೆಲವರು ಕುಡಿದರು, ಕೆಲವರು ಕಪ್ಪು ಮುಟ್ಟಿ ಕೆಳಗಿಟ್ಟರು. ಗೋಪಾಳರಾವ್ ಜೋಶಿ, ಅದೇ ಡಾಕ್ಟರ್ ಆನಂದೀಬಾಯಿಯವರ ಗಂಡ, ಹೋದವರ ಹೆಸರನ್ನೆಲ್ಲ ಪತ್ರಿಕೆಗೆ ಕೊಟ್ಟು ಮಜಾ ನೋಡಿದರು. ಊರಲ್ಲಿ ದೊಡ್ಡ ಗದ್ದಲ. ಬಹಿಷ್ಕಾರದ ಮಾತು ಬಂತು, ಶಂಕರಾಚಾರ್ಯರ ತನಕ ದೂರು ಹೋಗಿ ವಿಚಾರಣೆ ನಡೆಯಿತು. ಟಿಳಕರೂ ರಾನಡೆಯವರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಒಂದು ಬಿಸ್ಕೀಟಿಗೆ! ಅನ್ಯರ ಕೈಯ ಹಿಟ್ಟು ಅನ್ನುವುದು ಆಗ ಅಷ್ಟು ದೊಡ್ಡ ಸಂಗತಿ. ಹಿಟ್ಟನ್ನು ಯಾರು ಬೀಸಿದರು, ಯಾರು ಸುಟ್ಟರು ಎಂಬುದನ್ನು ಇಷ್ಟು ಕಟ್ಟುನಿಟ್ಟಾಗಿ ಕೇಳುತ್ತಿದ್ದ ಸಮಾಜ, ಬೀಸಿದವರ ರಟ್ಟೆ ನೋಯಿತೇ ಅಂತ ಮಾತ್ರ ಕೇಳಲಿಲ್ಲ.

1817ರ ಖಡಕಿ ಯುದ್ಧದಲ್ಲಿ ಪೇಶ್ವೆಯವರು ಸೋತ ಮೇಲೆ ಇಂಗ್ಲಿಷರ ದಂಡು ಇಲ್ಲಿ ತಳವೂರಿತು. ದಂಡಿನ ಜೊತೆ ಬ್ರೆಡ್ಡೂ ಬಂತು. ಆಮೇಲೆ ಇರಾನಿಯರು ಬಂದರು, ಹೋಟೆಲು ಬೇಕರಿ ತೆರೆದರು. ಕ್ಯಾಂಪಿನ ಕಯಾನಿ ಬೇಕರಿ 1955ರದು. ಅದರ ಶ್ರೂಸ್‌ಬರಿ ಬಿಸ್ಕೀಟಿಗೆ ಸದಾಶಿವ ಪೇಠೆಯ ಮಡಿವಂತರ ಮೊಮ್ಮಕ್ಕಳೇ ಪಾಳಿ ಹಚ್ಚಿ ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ. ಹುಬ್ಬಳ್ಳಿಗೆ ಹೋಗುವಾಗ ಎರಡು ಪ್ಯಾಕೆಟ್ಟು ಒಯ್ಯದಿದ್ದರೆ ನನ್ನ ತಂಗಿ ಒಳಗೇ ಕರೆಯುವುದಿಲ್ಲ.

ಬ್ರೆಡ್ಡು ಬಂದರೂ ಪುಣೆಯ ಜನ ಮನೆಯ ಹಿಟ್ಟು ಬಿಟ್ಟಿಲ್ಲ. ಓಣಿಗೊಂದು 'ಪಿಠಾಚೀ ಗಿರಣಿ' ಇನ್ನೂ ಇದೆ. ನಮ್ಮ ಗಿರಣಿಯೇ, ಹೆಸರೂ ಅದೇ. ಗೋಧಿ ಬೀಸಿದ ಕಲ್ಲಿಗೆ ಜೋಳ ಹಾಕಬೇಡ, ಅಕ್ಕಿ ಮೊದಲು ಹಾಕು ಎಂಬ ಜಗಳವೂ ಅದೇ. ಗಿರಣಿಯವನ ರೆಪ್ಪೆಯ ಮೇಲೆ ಕೂತ ಬಿಳೀ ಹಿಟ್ಟೂ ಅದೇ. 1983ರಲ್ಲಿ ನೌಕರಿ ಸೇರಿ, ಬಾಗಲಕೋಟೆ ಕಡೆಯ ಹಳ್ಳಿಯ ಶಾಖೆಯೊಂದರಲ್ಲಿದ್ದಾಗ ಐ.ಆರ್.ಡಿ.ಪಿ. ಯೋಜನೆಯಲ್ಲಿ ಹಿಟ್ಟಿನ ಗಿರಣಿಗೆ ಸಾಲದ ಅರ್ಜಿಗಳು ಬರುತ್ತಿದ್ದವು. ಎಮ್ಮೆಸಾಲ ಕೊಟ್ಟು ಕೈ ಸುಟ್ಟುಕೊಂಡ ಕಥೆ ಎಲ್ಲ ಬ್ಯಾಂಕಿನವರಲ್ಲೂ ಇದೆ. ತಪಾಸಣೆಗೆ ಹೋದಾಗ ಎಮ್ಮೆ ಇರುವುದಿಲ್ಲ, ಪಕ್ಕದ ಮನೆಯದನ್ನು ತೋರಿಸುತ್ತಾರೆ. ಗಿರಣಿ ಸಾಲ ಹಾಗಲ್ಲ, ನನ್ನ ಶಾಖೆಯಲ್ಲಿ ಅವು ಹೆಚ್ಚಾಗಿ ಸರಿಯಾಗಿ ತೀರಿದವು. ಅರ್ಜಿಯಲ್ಲಿ 'ಯೋಜನೆಯಿಂದ ಯಾರಿಗೆ ಅನುಕೂಲ' ಎಂಬ ಕಲಮಿನಲ್ಲಿ ನಾನು ಸಾಲಗಾರನ ಹೆಸರು ಬರೆದು ಸಹಿ ಹಾಕುತ್ತಿದ್ದೆ. ಆ ಊರಿನ ಇನ್ನೂರು ಮುನ್ನೂರು ಹೆಣ್ಣುಮಕ್ಕಳ ಬೆಳಗಿನ ನಿದ್ದೆಯನ್ನು ಯಾವ ಕಲಮಿನಲ್ಲೂ ಬರೆಯಲಿಲ್ಲ.

ನಾನು ಪುಣೆಗೆ ವರ್ಗವಾಗಿ ಬಂದದ್ದು 1991ರಲ್ಲಿ. ಕೋಥರೂಡಿನಲ್ಲಿ ಮೂರನೇ ಮಜಲಿನ ಫ್ಲ್ಯಾಟು. ಅಪ್ಪ ಹೋದ ಮೇಲೆ, 1996ರಲ್ಲಿ ಅವ್ವ ಬಂದಳು. ಬರುವಾಗ ಗೋಣಿಚೀಲದಲ್ಲಿ ಸುತ್ತಿ ಸಣ್ಣ ಬೀಸುಕಲ್ಲು ತಂದಳು. ಬಸ್ಸಿನ ಕಂಡಕ್ಟರ್ ಲಗೇಜ್ ಚಾರ್ಜು ಕೇಳಿದ್ದಕ್ಕೆ ಬೆಳಗಾವಿ ದಾಟುವ ತನಕ ಅವನ ಜೊತೆ ವಾದ ಹಾಕಿದಳಂತೆ. ರೊಟ್ಟಿಯ ಹಿಟ್ಟು ಗಿರಣಿಯದೇ. ಆದರೆ ನುಚ್ಚು, ಹೆಸರುಬೇಳೆ, ಮಾದಲಿಯ ರವೆಗೆ ಕಲ್ಲೇ ಆಗಬೇಕು. ಬೆಳಗ್ಗೆ ಐದಕ್ಕೆ ಗರಗರ ಸದ್ದು, ಅದರ ಜೊತೆಗೆ ತಗ್ಗಿದ ದನಿಯಲ್ಲಿ ಹಾಡು.

ಎರಡನೇ ಮಜಲಿನಲ್ಲಿ ಸಾತಾರಾ ಕಡೆಯ ಒಬ್ಬ ಆಜಿ ಇದ್ದರು. ಸದ್ದು ಕೇಳಿ ಒಂದು ದಿನ ಮೇಲೆ ಬಂದರು. ಅವ್ವನಿಗೆ ಮರಾಠಿ ಬಾರದು, ಆಜಿಗೆ ಕನ್ನಡ ಬಾರದು. ಆಜಿ ಮಾತಾಡದೆ ಎದುರಿಗೆ ಕೂತು ಗೂಟಕ್ಕೆ ಕೈ ಹಚ್ಚಿದರು. ಅವ್ವ ಒಂದು ತ್ರಿಪದಿ ಅಂದರೆ ಆಜಿ ಒಂದು ಓವಿ. ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತ ನನಗೆ ಮಾತ್ರ ಎರಡೂ ಅರ್ಥವಾಗುತ್ತಿತ್ತು. ಇಬ್ಬರ ಹಾಡಿನಲ್ಲೂ ತವರುಮನೆ, ಪಂಚಮಿಗೆ ಕರೆಯಲು ಬಾರದ ಅಣ್ಣ, ಪಂಢರಪುರದ ವಿಠ್ಠಲ. ವಿಷಯ ಅದೇ, ಸಿಟ್ಟೂ ಅದೇ. ಹೀಗೆ ಎರಡು ಮೂರು ತಿಂಗಳು ನಡೆಯಿತು.

ಆಮೇಲೆ ಸೊಸಾಯಿಟಿಯಿಂದ ಕಾಗದ ಬಂತು. ಬೆಳಗಿನ ಹೊತ್ತು ಧಾನ್ಯ ಬೀಸುವುದರಿಂದ ಇತರರಿಗೆ ತೊಂದರೆಯಾಗುತ್ತಿದೆ, ಕೂಡಲೇ ನಿಲ್ಲಿಸತಕ್ಕದ್ದು. ನಾನು ಬ್ಯಾಂಕಿನ ಮನುಷ್ಯ, ಕಾಗದ ಬಂತೆಂದರೆ ಹೆದರುವವನು. ಎದುರಾಡದೆ ಕಲ್ಲನ್ನು ಕೆಳಗೆ ಪಾರ್ಕಿಂಗಿನ ಮೂಲೆಯಲ್ಲಿ ಇಟ್ಟು ಬಂದೆ. ಅವ್ವ ಒಂದು ಮಾತೂ ಆಡಲಿಲ್ಲ. ಆಜಿ ಹತ್ತಿ ಬರುವುದು ನಿಂತಿತು.

ಕಲ್ಲು ಹೀಗೆ ಬಿದ್ದಿರುವುದು ನೋಡಲಾಗದೆ ಅವ್ವನನ್ನು ಕೇಳ್ಕರ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಎಲ್ಲ ನೋಡಿದಳು. ಹೊರಗೆ ಬಂದ ಮೇಲೆ, "ಅವ್ವಾ, ನಿನ್ನ ಕಲ್ಲು ಇಂಥಲ್ಲಿ ಕೊಟ್ಟರ ಹೆಂಗ? ಚಲೋ ಇಡ್ತಾರ" ಅಂದೆ.

"ಕಲ್ಲು ಇಡ್ತಾರ, ಖರೆ. ನನ್ನ ರಟ್ಟಿ ಎಲ್ಲಿ ಇಡ್ತಾರ?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಅವಳೇ ಮುಂದುವರಿಸಿದಳು: "ನೀವು ಗಂಡಮಕ್ಕಳು ಕಲ್ಲು ಕಂಡ ಕೂಡಲೇ ಅಳಾಕ ಬರತೀರಿ. ಊರಾಗ ಗಿರಣಿ ಬಂದ ದಿನ ನಾವು ಹೆಂಗಸರು ಇಂಜಿನ್ನಿಗೆ ಕಾಯಿ ಒಡದೇವಿ, ಗೊತ್ತದೇನ? ಹಾಡ್ತಿದ್ವಿ ಅಂದ್ರ ಖುಷಿಗೆ ಹಾಡ್ತಿದ್ದಿಲ್ಲೋ ತಮ್ಮಾ, ನಿದ್ದಿ ಬರಬಾರ್ದು ಅಂತ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಆ ಹಾಡು ಕಲ್ಲಿನ ಮುಂದ ಕೂತರ ಮಾತ್ರ ನೆನಪಾಗತಾವ" ಅಂದಳು.

ಇದನ್ನು ನಾನು ಎಷ್ಟೋ ವರ್ಷ ಮರೆತಿದ್ದೆ. ನಿವೃತ್ತನಾದ ಮೇಲೆ ಗೊತ್ತಾದದ್ದು, ಅವ್ವ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಆಗ ಇದೇ ಊರಿನಲ್ಲಿ ನಡೆದಿತ್ತು. ಹೇಮಾ ರಾಯಿರ್‌ಕರ್ ಮತ್ತು ಅವರ ಪತಿ, ಫ್ರಾನ್ಸಿನಿಂದ ಬಂದು ಭಾರತದವರೇ ಆಗಿಹೋದ ಗೀ ಪ್ವಾತವಾಂ, ಪುಣೆಯಲ್ಲಿದ್ದುಕೊಂಡು ಮಹಾರಾಷ್ಟ್ರದ ಹಳ್ಳಿಹಳ್ಳಿಯ ಬೀಸುವ ಹಾಡುಗಳನ್ನು ಕೂಡಿಸಿದರು. 1980ರ ದಶಕದಲ್ಲಿ ಶುರುವಾದ ಕೆಲಸ. ಒಂದು ಸಾವಿರಕ್ಕೂ ಹೆಚ್ಚು ಹಳ್ಳಿ, ಒಂದು ಲಕ್ಷಕ್ಕೂ ಮೇಲೆ ಹಾಡು. ತವರಿನ ಹಾಡು, ಗಂಡನ ಮೇಲಿನ ದೂರು, ದಲಿತ ಹೆಣ್ಣುಮಕ್ಕಳು ಅಂಬೇಡ್ಕರರ ಮೇಲೆ ಕಟ್ಟಿದ ಹಾಡು, ಎಲ್ಲ ಇವೆ. 1990ರ ದಶಕದಲ್ಲಿ ಬೆರ್ನಾರ್ ಬೆಲ್ ಎಂಬ ಇನ್ನೊಬ್ಬ ಫ್ರೆಂಚ್ ವಿದ್ವಾಂಸರು ಕೂಡಿಕೊಂಡು ಧ್ವನಿಮುದ್ರಣವೂ ಆಯಿತು. ಪ್ವಾತವಾಂ 2004ರಲ್ಲಿ, ಹೇಮಾತಾಯಿ 2010ರಲ್ಲಿ ತೀರಿಕೊಂಡರು. 2017ರಿಂದ ಪಿ. ಸಾಯಿನಾಥರ 'ಪರಿ' ಸಂಸ್ಥೆಯವರು ಆ ಹಾಡುಗಳನ್ನು ಒಂದೊಂದಾಗಿ ಎಲ್ಲರಿಗೂ ಕೇಳಲು ಕೊಡುತ್ತಿದ್ದಾರೆ. ಹಾಡಿದವಳ ಹೆಸರು, ಊರು, ಜಾತಿ, ಮಕ್ಕಳೆಷ್ಟು ಎಲ್ಲ ಬರೆದಿದ್ದಾರೆ. ನನ್ನ ಮಟ್ಟಿಗೆ ಪುಣೆಯ ನಿಜವಾದ ರೊಟ್ಟಿ ಮ್ಯೂಸಿಯಂ ಇದು.

ನಮ್ಮವರೂ ಹಿಂದೆ ಬಿದ್ದಿಲ್ಲ. ಮರಾಠಿ ಸೀಮೆಗೆ ಹತ್ತಿಕೊಂಡಿರುವ ವಿಜಯಪುರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದ್ದು 1931ರಷ್ಟು ಹಿಂದೆ. ಬೀಸುವಾಗ, ಕುಟ್ಟುವಾಗ ಹುಟ್ಟಿದ ಎಷ್ಟೋ ತ್ರಿಪದಿಗಳು ಅದರಿಂದ ಉಳಿದವು. ಪುಸ್ತಕದಲ್ಲಿ ಮಾತು ಉಳಿಯಿತು, ದನಿ ಇಲ್ಲ. ಟೇಪ್ ರೆಕಾರ್ಡರ್ ಇಲ್ಲದ ಆ ಕಾಲದಲ್ಲಿ ಅವರು ಮಾಡಿದ್ದೇ ದೊಡ್ಡದು. ನನ್ನ ಹತ್ತಿರ ಟೇಪ್ ರೆಕಾರ್ಡರ್ ಇತ್ತು. ಫಿಲಿಪ್ಸ್ ಕಂಪನಿಯದು. ನಮ್ಮ ರೋಣದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ಹಾಡನ್ನು ರೇಡಿಯೋದಿಂದ ಹಿಡಿಯಲು ಖಾಲಿ ಕ್ಯಾಸೆಟ್ಟು ಡಜನ್ನುಗಟ್ಟಲೆ ತಂದಿಡುತ್ತಿದ್ದೆ. ಮಲಗುವ ಕೋಣೆಯಲ್ಲಿ ರೆಕಾರ್ಡರ್, ಅಡಿಗೆಮನೆಯಲ್ಲಿ ಅವ್ವ ಮತ್ತು ಆಜಿ. ನಡುವೆ ಹತ್ತು ಹೆಜ್ಜೆ. ಒಂದು ದಿನವೂ ಒಯ್ದು ಇಡಲಿಲ್ಲ. ಪಾರ್ಕಿಂಗಿನ ಕಲ್ಲು ಒಂದು ದೀಪಾವಳಿಯ ಸಾರಣೆಕಾರಣೆಯಲ್ಲಿ ಎಲ್ಲಿಗೋ ಹೋಯಿತು. ಅವ್ವ 2008ರಲ್ಲಿ ಹೋದಳು.

ಅದಕ್ಕೂ ಮೊದಲು, 1998ರ ಮಾಘ ಏಕಾದಶಿ ಕಳೆದು ಗರ್ದಿ ಕಡಿಮೆಯಾದ ಮೇಲೆ ಅವ್ವನನ್ನೂ ಆಜಿಯನ್ನೂ ಪಂಢರಪುರಕ್ಕೆ ಕರೆದುಕೊಂಡು ಹೋಗಿದ್ದೆ. ದರ್ಶನವಾದ ಮೇಲೆ ಹತ್ತಿರದ ಗೋಪಾಳಪುರಕ್ಕೆ ಹೋದೆವು. ನಾಮದೇವರ ಮನೆಯ ದಾಸಿಯಾಗಿದ್ದ ಸಂತ ಜನಾಬಾಯಿಯದು ಎನ್ನುವ ಬೀಸುಕಲ್ಲು ಅಲ್ಲಿದೆ. ಬೀಸಿ ಬೀಸಿ ಸೋತ ಜನಾಬಾಯಿಯ ಜೊತೆ ವಿಠ್ಠಲನೇ ಬಂದು ಬೀಸಿದ ಎಂಬ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಹನ್ನೆರಡನೇ ಶತಮಾನದ ಶರಣೆಯರಲ್ಲಿ ಕೊಟ್ಟಣ ಕುಟ್ಟುವ ಕಾಯಕದ ಸೋಮಮ್ಮ ಇದ್ದಳು, ಹೆಸರೇ ಕೊಟ್ಟಣದ ಸೋಮಮ್ಮ. ದಾರಿಯಲ್ಲಿ ಅವಳ ಸಂಗತಿಯನ್ನು ಆಜಿಗೆ ಮರಾಠಿಯಲ್ಲಿ ಹೇಳಿದ್ದೆ. ಆಜಿ ತಲೆಯಾಡಿಸುತ್ತ ಕೇಳಿದ್ದರು.

ಆಜಿ ಕಲ್ಲಿಗೆ ಕೈ ಮುಗಿದು, ಕಣ್ಣು ಮುಚ್ಚಿ ನಿಂತರು. ಅವ್ವನೂ ಕೈ ಮುಗಿದಳು. ಆಮೇಲೆ ಬಗ್ಗಿ ಕಲ್ಲಿನ ಅಂಚಿಗೆ ಎರಡು ಬೆರಳು ಆಡಿಸಿ ನೋಡಿ, ಹಿಂದೆ ನಿಂತ ನನ್ನ ಕಡೆ ತಿರುಗಿದಳು.

"ಸವದು ನುಣ್ಣಗಾಗೇದ. ವಡ್ಡರನ ಕರಸಿ ಹಲ್ಲು ಹೊಡಸ್ರಿ ಅಂತ ಪೂಜಾರಿಗೆ ಹೇಳು."

ನಾನು ಹೇಳಲಿಲ್ಲ. ಆಜಿಗೆ ಮಾತ್ರ ಮರಾಠಿಯಲ್ಲಿ ಹೇಳಿದೆ. ಆಜಿ ಬಗ್ಗಿ ತಾವೂ ಬೆರಳಾಡಿಸಿ ನೋಡಿ, ಹೌದು ಎಂದರು.